‘ಜನ ಮರುಳೋ ಜಾತ್ರೆ ಮರುಳೋ’ ಎನ್ನುವವರಿಗೆ ಒಂದು ಉತ್ತರ



ವೇದ ಸುಳ್ಳಾದರೂ ಗಾದೆ ಸುಳ್ಳಾಗದು ಎಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ವೇದವನ್ನೇ ಒರೆಗೆ ಹಚ್ಚಿ ನೋಡಿದ ಶರಣರ ಪರಂಪರೆಗೆ ಸೇರಿದ ನಾವು ಒಂದು ಗಾದೆಯನ್ನು ಒರೆಗೆ ಹಚ್ಚಲು ಹಿಂಜರಿಯಬೇಕಾದುದಿಲ್ಲ. ‘ಜನ ಮರುಳೋ ಜಾತ್ರೆ ಮರುಳೋ’ ಎಂಬುದೇ ಆ ಗಾದೆ. ನಾಲ್ಕು ಜನ ಸೇರಿ ಘೋಷಣೆ ಕೂಗಿದರೆ, ಕಾರ್ಖಾನೆಯ ಗೇಟಿನ ಮುಂದೆ ಧರಣಿ ಕುಳಿತರೆ, ರಸ್ತೆಯಲ್ಲಿ ಜಾಥಾ ಹೊರಟರೆ, ಜಗುಲಿಯ ಮೇಲೆ ಕುಳಿತ ಸಂಭಾವಿತರ ಬಾಯಿಂದ ಮೊದಲು ಹೊರಡುವ ಮಾತು ಇದು. ಭದ್ರಾವತಿಯ ನ್ಯೂ ಟೌನಿನಲ್ಲಿ ಇದನ್ನು ಆಡಿದವರಿದ್ದಾರೆ, ಶಿವಮೊಗ್ಗದ ಬೀದಿಗಳಲ್ಲಿಯೂ ಆಡಿದವರಿದ್ದಾರೆ. ಆಡಿದವರಲ್ಲಿ ಹಣೆಯ ಮೇಲೆ ವಿಭೂತಿ ಧರಿಸಿದವರು ಕಡಿಮೆಯೇನಲ್ಲ. ಆದುದರಿಂದಲೇ ಈ ಲೇಖನ.

ನಮ್ಮ ವಾದವನ್ನು ಮೊದಲೇ ಹೇಳಿಬಿಡುತ್ತೇವೆ. ಈ ಗಾದೆ ಎರಡು ಅನ್ಯಾಯಗಳನ್ನು ಒಟ್ಟಿಗೆ ಮಾಡುತ್ತದೆ. ನ್ಯಾಯಕ್ಕಾಗಿ ನಿಂತ ಜನಸಮೂಹವನ್ನು ಹುಚ್ಚರೆಂದು ಹಳಿಯುತ್ತದೆ. ಕೊಲೆಗೆ ಇಳಿದ ಜನಸಮೂಹವನ್ನೋ, ಪಾಪ, ಹುಚ್ಚರು ಎಂದು ಕ್ಷಮಿಸಿಬಿಡುತ್ತದೆ. ಒಂದೇ ಮಾತಿನಿಂದ ನಿರಪರಾಧಿಗೆ ಅವಮಾನವೂ ಅಪರಾಧಿಗೆ ಬಿಡುಗಡೆಯೂ ಆಗುವುದಾದರೆ ಆ ಮಾತನ್ನು ನಾಲಗೆಯ ಮೇಲೆ ಇಟ್ಟುಕೊಳ್ಳುವುದು ಎಷ್ಟು ಸರಿ?

ಇದು ನಮ್ಮ ಹಳ್ಳಿಗರ ಅಜ್ಞಾನದ ಮಾತೆಂದು ಯಾರೂ ತಿಳಿಯಬಾರದು. ಇದೇ ಮಾತನ್ನು ಕೋಟು ತೊಡಿಸಿ ವಿಶ್ವವಿದ್ಯಾಲಯಗಳಲ್ಲಿ ಕೂರಿಸಿದವರಿದ್ದಾರೆ. ಫ್ರಾನ್ಸಿನ ಗುಸ್ತಾವ್ ಲ ಬಾನ್ ಎಂಬ ವೈದ್ಯಪಂಡಿತನು 1895ರಲ್ಲಿ ಜನಸಮೂಹದ ಮನಶ್ಶಾಸ್ತ್ರವನ್ನು ಕುರಿತು ಒಂದು ಗ್ರಂಥವನ್ನು ಬರೆದನು. ಗುಂಪಿನಲ್ಲಿ ಸೇರಿದೊಡನೆ ಮನುಷ್ಯನ ಸ್ವಂತ ಬುದ್ಧಿ ಕರಗಿಹೋಗುತ್ತದೆ, ಭಾವಾವೇಶವು ಅಂಟುರೋಗದಂತೆ ಒಬ್ಬರಿಂದ ಒಬ್ಬರಿಗೆ ಹರಡುತ್ತದೆ, ನಾಗರಿಕನಾದವನು ನಾಗರಿಕತೆಯ ಏಣಿಯಿಂದ ಕೆಳಗಿಳಿದುಬಿಡುತ್ತಾನೆ ಎಂಬುದು ಅವನ ಸಿದ್ಧಾಂತ. 1871ರಲ್ಲಿ ಪ್ಯಾರಿಸಿನ ದುಡಿಯುವ ಜನ ನಗರದ ಆಡಳಿತವನ್ನೇ ಕೈಗೆ ತೆಗೆದುಕೊಂಡು, ಕೊನೆಗೆ ರಕ್ತದಲ್ಲಿ ಮುಳುಗಿದುದನ್ನು ಕಂಡಿದ್ದ ತಲೆಮಾರಿನವನು ಅವನು. ಕಂಡದ್ದರಲ್ಲಿ ದುಡಿಯುವವರ ಸಿಟ್ಟು ಮಾತ್ರ ಅವನ ಕಣ್ಣಿಗೆ ಬಿದ್ದಿತು, ಸಿಟ್ಟಿನ ಕಾರಣ ಬೀಳಲಿಲ್ಲ. ಜಗುಲಿಯ ಮೇಲಿನವನಿಗೆ ಬೀದಿ ಕಾಣುವುದು ಹಾಗೆಯೇ.

ಇದಕ್ಕೆ ಉತ್ತರ ಬರಲು ಅರವತ್ತು ವರ್ಷಗಳು ಬೇಕಾದವು. ಜಾರ್ಜ್ ರೂಡೆ ಎಂಬ ಇತಿಹಾಸಕಾರನು ಪೊಲೀಸರ ಹಳೆಯ ಕಡತಗಳನ್ನೇ ಬಿಚ್ಚಿ, ಫ್ರೆಂಚ್ ಕ್ರಾಂತಿಯ ಕಾಲದಲ್ಲಿ ಬೀದಿಗಿಳಿದವರು ಯಾರೆಂದು ಹೆಸರು ಹೆಸರಾಗಿ ಹುಡುಕಿದನು. 1959ರಲ್ಲಿ ಪ್ರಕಟವಾದ ಅವನ ಗ್ರಂಥದಲ್ಲಿ 1789ರ ಜುಲೈ 14ರಂದು ಬ್ಯಾಸ್ಟೀಲ್ ಸೆರೆಮನೆಗೆ ನುಗ್ಗಿದವರ ವೃತ್ತಿಗಳ ವಿವರವಿದೆ. ಕಳ್ಳರು, ಪುಂಡರು, ತಲೆತಿರುಕರು ಎಂದು ಹೇಳಿಕೊಂಡು ಬಂದಿದ್ದ ಆ ಗುಂಪಿನಲ್ಲಿ ಅವನಿಗೆ ಕಂಡವರು ಬಡಗಿಗಳು, ಬೀಗ ಮಾಡುವವರು, ಚಮ್ಮಾರರು, ಸಣ್ಣ ಅಂಗಡಿಯವರು. ನಮ್ಮ ಮಾತಿನಲ್ಲಿ ಹೇಳುವುದಾದರೆ ಅವರೆಲ್ಲ ಕಾಯಕಜೀವಿಗಳು.

ದೂರದ ಪ್ಯಾರಿಸ್ ಬೇಡ ಎನ್ನುವವರು ಶಿಕಾರಿಪುರ ತಾಲ್ಲೂಕಿನ ಈಸೂರಿಗೆ ಬನ್ನಿ. 1942ರ ಚಳವಳಿಯ ಕಾಲದಲ್ಲಿ ಆ ಊರಿನವರು ವೀರಭದ್ರೇಶ್ವರನ ದೇವಾಲಯದ ಮೇಲೆ ಧ್ವಜವನ್ನು ಏರಿಸಿ, ತಮ್ಮ ಊರು ಸ್ವತಂತ್ರವೆಂದು ಸಾರಿದರು. ಬೇಜವಾಬ್ದಾರಿ ಸರ್ಕಾರದ ಅಧಿಕಾರಿಗಳಿಗೆ ಪ್ರವೇಶವಿಲ್ಲವೆಂಬ ಫಲಕವನ್ನು ಊರ ಬಾಗಿಲಿಗೆ ಹಾಕಿದರು. ತಮ್ಮದೇ ಅಮಲ್ದಾರನನ್ನು ನೇಮಿಸಿಕೊಂಡರು. ಅವನಿನ್ನೂ ಎಳೆಯ ಬಾಲಕ! ಸೆಪ್ಟೆಂಬರ್ ತಿಂಗಳಿನಲ್ಲಿ ಅಧಿಕಾರಿಗಳು ಪೊಲೀಸರೊಡನೆ ಊರೊಳಕ್ಕೆ ಬಂದಾಗ ನಡೆದ ಘರ್ಷಣೆಯಲ್ಲಿ ಸರ್ಕಾರದ ಅಮಲ್ದಾರನೂ ಸಬ್ ಇನ್ಸ್‌ಪೆಕ್ಟರನೂ ಸತ್ತರು. 1943ರ ಮಾರ್ಚ್ ತಿಂಗಳಲ್ಲಿ ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಹಾಲಪ್ಪ, ಶಂಕರಪ್ಪ ಎಂಬ ಐವರು ಗಲ್ಲಿಗೇರಿದರು.

ಈಸೂರಿನ ಜನರನ್ನು ಮರುಳರೆಂದು ಇಂದು ಯಾರಾದರೂ ಕರೆದರೆ ನಾವು ಸುಮ್ಮನಿರುತ್ತೇವೆಯೇ? ಇರುವುದಿಲ್ಲ, ಇರಲೂಬಾರದು. ಆದರೆ ಅಂದಿನ ಸರ್ಕಾರದ ದೃಷ್ಟಿಯಲ್ಲಿ ಅವರು ದೊಂಬಿಕೋರರು. ಒಂದೇ ಗುಂಪು, ಒಂದೇ ದಿನ, ಒಂದೇ ಕೃತ್ಯ. ಹೆಸರು ಮಾತ್ರ ನೋಡುವವನ ಕಣ್ಣನ್ನು ಅನುಸರಿಸಿ ಬದಲಾಗುತ್ತದೆ. ಅವರು ಏನು ಮಾಡಿದರೆಂಬುದನ್ನು ಸಾವಧಾನವಾಗಿ ನೋಡಿ. ಧ್ವಜ, ಫಲಕ, ಅಮಲ್ದಾರ. ರಾಜ್ಯವೆಂದರೆ ಏನೆಂಬುದನ್ನು ಬಲ್ಲವರು ಮಾತ್ರ ಮಾಡಬಹುದಾದ ಕೆಲಸಗಳಿವು. ಮರುಳರಿಗೆ ಅಮಲ್ದಾರ ಏಕೆ ಬೇಕು?

ಆ ಫಲಕದ ಕಥೆ ಅಲ್ಲಿಗೇ ಮುಗಿಯಲಿಲ್ಲ. 1980ರಲ್ಲಿ ನರಗುಂದ, ನವಲಗುಂದಗಳ ಗೋಲಿಬಾರಿನ ಬಳಿಕ ಶಿವಮೊಗ್ಗದಲ್ಲಿ ರಾಜ್ಯ ರೈತ ಸಂಘವು ಹುಟ್ಟಿತು, ಎಚ್.ಎಸ್. ರುದ್ರಪ್ಪ, ಎನ್.ಡಿ. ಸುಂದರೇಶ್, ಕಡಿದಾಳು ಶಾಮಣ್ಣ, ಎಂ.ಡಿ. ನಂಜುಂಡಸ್ವಾಮಿ ಮೊದಲಾದವರು ಅದನ್ನು ಕಟ್ಟಿದರು. ಆ ದಶಕದಲ್ಲಿ ಹಳ್ಳಿ ಹಳ್ಳಿಯ ಬಾಗಿಲಲ್ಲಿ ಮತ್ತೆ ಫಲಕಗಳು ಕಾಣಿಸಿಕೊಂಡವು. ಸಾಲ ವಸೂಲಿಗೆ ಬರುವ ಅಧಿಕಾರಿಗಳು ಅನುಮತಿಯಿಲ್ಲದೆ ಊರನ್ನು ಪ್ರವೇಶಿಸಬಾರದೆಂಬುದು ಅವುಗಳ ಒಕ್ಕಣೆ. ಚಾರ್ಲ್ಸ್ ಟಿಲಿ ಎಂಬ ಸಮಾಜಶಾಸ್ತ್ರಜ್ಞನು ಇದನ್ನೇ ವಿವರಿಸಿದ್ದಾನೆ. ಪ್ರತಿಯೊಂದು ಜನಸಮುದಾಯದ ಬಳಿಯೂ ಹೋರಾಟದ ಒಂದು ಬತ್ತಳಿಕೆ ಇರುತ್ತದೆ. ಅದರಲ್ಲಿರುವುದು ಕೆಲವೇ ಬಾಣಗಳು. ಜನರು ಅವುಗಳನ್ನು ಹಿಂದಿನವರಿಂದ ಕಲಿತು, ಸಂದರ್ಭಕ್ಕೆ ತಕ್ಕಂತೆ ತುಸು ತಿದ್ದಿ ಬಳಸುತ್ತಾರೆ ಎಂಬುದು ಅವನ ಅಭಿಪ್ರಾಯದ ಸಾರ. ಈಸೂರಿನ ಫಲಕವನ್ನು ನೋಡಿಯೇ ರೈತ ಸಂಘದವರು ಬರೆದರೆಂದು ನಾವು ಹೇಳುತ್ತಿಲ್ಲ. ಆದರೆ ಒಂದೇ ಜಿಲ್ಲೆಯ ನೆಲದಲ್ಲಿ ನಲವತ್ತು ವರ್ಷಗಳ ಅಂತರದಲ್ಲಿ ಅದೇ ಉಪಾಯ ಮರುಕಳಿಸಿದುದು ನೆನಪಿನ ಕೆಲಸವಲ್ಲದೆ ಮರುಳಿನ ಕೆಲಸವಲ್ಲ.

ಇಷ್ಟರವರೆಗೆ ಓದುಗರು ತಲೆದೂಗುತ್ತಿರಬಹುದು. ಈಗ ಹೇಳಲಿರುವುದು ಕೆಲವರಿಗೆ ಕಹಿಯೆನಿಸೀತು. ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರ ಏಪ್ರಿಲ್ ತಿಂಗಳಲ್ಲಿ ಗೇಣಿದಾರರು ಗದ್ದೆಗಿಳಿದರು. ಗೇಣಿ ಭತ್ತವನ್ನು ಅಳೆಯುವ ಕೊಳಗದ ಗಾತ್ರವೇ ತಕರಾರಿನ ಮೂಲ. ನ್ಯಾಯವಾದ ಅಳತೆಯ ಕೊಳಗದಿಂದ ಅಳೆಯಬೇಕೆಂದು ಒಕ್ಕಲುಗಳು ಕೇಳಿದರು; ಭೂಮಾಲೀಕರು ಭೂಮಿಯನ್ನೇ ಉಳಲು ಬಿಡಲಿಲ್ಲ. ಉಳಲು ಹೋದ ತಂಡ ತಂಡವನ್ನು ಪೊಲೀಸರು ಬಂಧಿಸಿದರು. ಜೂನ್ ತಿಂಗಳಲ್ಲಿ ರಾಮಮನೋಹರ ಲೋಹಿಯಾ ಅವರೇ ಬಂದರು, ಅವರನ್ನೂ ಬಂಧಿಸಲಾಯಿತು. ಒಕ್ಕಲುಗಳು ದೀವರು. ಭೂಮಾಲೀಕರು ಯಾರೆಂದು ಕೇಳುವಿರಾ? ನಮ್ಮ ಸಮಾಜದವರೇ, ಲಿಂಗವಂತರೇ. ಕಾಯಕವೇ ಕೈಲಾಸವೆಂದು ಸಾರುವ ಸಮಾಜದ ಒಡೆಯರ ಕಣಜದ ಮುಂದೆ, ಕಾಯಕ ಮಾಡಿದವನು ಕೊಳಗವನ್ನು ಸರಿಪಡಿಸಿರೆಂದು ಕೈಯೊಡ್ಡಿ ನಿಲ್ಲಬೇಕಾಯಿತು.

ಅಂದು ಊರ ಸಂಭಾವಿತರು ಹೇಳಿಕೊಂಡು ತಿರುಗಿದ ಮಾತು ಯಾವುದಿರಬಹುದೆಂದು ಊಹಿಸುವುದು ಕಷ್ಟವಲ್ಲ. ಒಕ್ಕಲುಗಳು ಮುಗ್ಧರು, ಹೊರಗಿನಿಂದ ಬಂದ ಸಮಾಜವಾದಿಗಳು ಅವರ ತಲೆ ಕೆಡಿಸಿದರು ಎಂಬ ಮಾತು ಎಲ್ಲ ಚಳವಳಿಗಳ ವಿರುದ್ಧವೂ ಕೇಳಿಬರುತ್ತದೆ. ಸತ್ಯವೇನೆಂದರೆ, ಸಾಗರ ತಾಲ್ಲೂಕಿನ ರೈತರು ಎಚ್. ಗಣಪತಿಯಪ್ಪನವರ ಮುಂದಾಳತ್ವದಲ್ಲಿ 1948ರಿಂದಲೇ ಸಂಘ ಕಟ್ಟಿಕೊಂಡಿದ್ದರು. ಲೋಹಿಯಾ ಬಂದುದು ಮೂರು ವರ್ಷಗಳ ತರುವಾಯ. ಅಸಮಾಧಾನ ಎಲ್ಲಿ ಇರಲಿಲ್ಲ? ಮಲೆನಾಡಿನ ಎಷ್ಟೋ ಊರುಗಳಲ್ಲಿ ಗೇಣಿದಾರನ ಹೊಟ್ಟೆ ಉರಿಯುತ್ತಿತ್ತು. ಆದರೆ ಉರಿಯುವ ಹೊಟ್ಟೆ ತಾನಾಗಿಯೇ ಚಳವಳಿಯಾಗದು. ಸಂಘವಿದ್ದಲ್ಲಿ, ಸಭೆ ನಡೆಸಿ ಅಭ್ಯಾಸವಿದ್ದಲ್ಲಿ, ಜೈಲಿಗೆ ಹೋದವನ ಮನೆಯನ್ನು ನೋಡಿಕೊಳ್ಳುವವರಿದ್ದಲ್ಲಿ ಅದು ಚಳವಳಿಯಾಗುತ್ತದೆ. ಅಮೆರಿಕದ ಮೆಕಾರ್ಥಿ ಮತ್ತು ಝಾಲ್ಡ್ ಎಂಬಿಬ್ಬರು 1977ರಲ್ಲಿ ಇದನ್ನೇ ಸಂಪನ್ಮೂಲಗಳ ಕ್ರೋಡೀಕರಣವೆಂಬ ಸಿದ್ಧಾಂತವನ್ನಾಗಿ ಮಂಡಿಸಿದರು. ನಮ್ಮ ಮಠಗಳ ದಾಸೋಹದ ಮನೆಯಲ್ಲಿ ಸೌಟು ಹಿಡಿದವರು ಇದನ್ನು ಕೇಳಿದರೆ, ಇಷ್ಟಕ್ಕೆ ಪುಸ್ತಕ ಬೇಕಿತ್ತೇ ಎಂದು ನಕ್ಕಾರು.

ಗೇಣಿ ಪದ್ಧತಿಯನ್ನು ತೊಡೆದುಹಾಕಿದ ಭೂಸುಧಾರಣಾ ತಿದ್ದುಪಡಿ ದೇವರಾಜ ಅರಸರ ಕಾಲದಲ್ಲಿ, 1974ರಲ್ಲಿ ಜಾರಿಗೆ ಬಂದಿತು. ಮರುಳರ ಬೇಡಿಕೆ ರಾಜ್ಯದ ಕಾಯಿದೆಯಾಗಲು ಇಪ್ಪತ್ತಮೂರು ವರ್ಷ ಹಿಡಿಯಿತು.

ಇನ್ನು ನಮ್ಮ ಭದ್ರಾವತಿ. ಮೈಸೂರು ಸಂಸ್ಥಾನದ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆಯನ್ನು ಆರಂಭಿಸಿದ ಊರು ಇದು. ಕಾರ್ಖಾನೆಯೊಡನೆ ಬೆಳೆದ ನ್ಯೂ ಟೌನಿನ ಕ್ವಾರ್ಟರ್ಸುಗಳಲ್ಲಿ ನಾನಾ ಜಿಲ್ಲೆ, ನಾನಾ ಜಾತಿ, ನಾನಾ ಭಾಷೆಗಳ ಜನ ಅಕ್ಕಪಕ್ಕದಲ್ಲಿ ಬದುಕಿದರು. ಹಳ್ಳಿಯ ಕೇರಿಯಲ್ಲಿ ತಲೆ ತಗ್ಗಿಸಿ ನಡೆಯಬೇಕಾದವನು ಇಲ್ಲಿ ಪಾಳಿಯ ಲೆಕ್ಕದ ಮನುಷ್ಯನಾದನು. 1973ರಲ್ಲಿ ಸಚಿವ ಬಿ. ಬಸವಲಿಂಗಪ್ಪನವರ ಬೂಸಾ ಮಾತಿನಿಂದ ರಾಜ್ಯವೆಲ್ಲ ಹೊತ್ತಿ ಉರಿದು ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದ ಬಳಿಕ, ಅದೇ ದಶಕದ ನಡುವಿನಲ್ಲಿ ದಲಿತ ಸಂಘರ್ಷ ಸಮಿತಿ ಮೈದಾಳಿದುದು ಈ ಭದ್ರಾವತಿಯಲ್ಲಿ, ಇಲ್ಲಿ ಕನ್ನಡ ಅಧ್ಯಾಪಕರಾಗಿದ್ದ ಪ್ರೊ. ಬಿ. ಕೃಷ್ಣಪ್ಪನವರ ಮುಂದಾಳತ್ವದಲ್ಲಿ. ಕಾರ್ಖಾನೆಯ ಊರಿನಲ್ಲಿ ಅದು ಬೇರೂರಿದುದು ಕೇವಲ ಆಕಸ್ಮಿಕವೆಂದು ನಮಗೆ ತೋರುವುದಿಲ್ಲ.

ಇದೇ ಊರಿನಲ್ಲಿ 2023ರ ಜನವರಿಯಲ್ಲಿ ಏನಾಯಿತೆಂಬುದು ನಿಮಗೆಲ್ಲ ತಿಳಿದಿದೆ. ಕಾಗದದ ಕಾರ್ಖಾನೆ 2015ರಲ್ಲಿಯೇ ನಿಂತುಹೋಗಿತ್ತು. ವಿಶ್ವೇಶ್ವರಯ್ಯ ಕಬ್ಬಿಣ ಮತ್ತು ಉಕ್ಕಿನ ಕಾರ್ಖಾನೆಯನ್ನು ಮಾರಲು ಕೇಂದ್ರ ಸರ್ಕಾರ 2016ರಲ್ಲಿ ತಾತ್ವಿಕ ಒಪ್ಪಿಗೆ ನೀಡಿ, ಕೊಳ್ಳುವವರು ಬಾರದೆ 2022ರಲ್ಲಿ ಕೈಬಿಟ್ಟಿತ್ತು. ಕೊನೆಗೆ ಮುಚ್ಚುವುದೇ ಸರಿಯೆಂದು ಉಕ್ಕು ಪ್ರಾಧಿಕಾರದ ಮಂಡಳಿ ನಿರ್ಧರಿಸಿತು. ಗುತ್ತಿಗೆ ಕಾರ್ಮಿಕರು ಗೇಟಿನ ಮುಂದೆ ಧರಣಿ ಕುಳಿತರು, ತಿಂಗಳುಗಟ್ಟಲೆ ಕುಳಿತರು. ಕಾಯಂ ನೌಕರನಿಗಿರುವ ನಿವೃತ್ತಿಯ ಭದ್ರತೆ ಅವರಿಗಿರಲಿಲ್ಲ. ಆಗ ಕೇಳಿಬಂದ ಮಾತುಗಳನ್ನು ನೆನೆಯಿರಿ. ನಷ್ಟದ ಕಾರ್ಖಾನೆಗೆ ಇವರು ಅತ್ತರೆ ಕುಲುಮೆ ಹೊತ್ತೀತೇ, ಇದೆಲ್ಲ ಚುನಾವಣೆಯ ಕಾಲದ ಜಾತ್ರೆ ಎಂದವರೆಷ್ಟು! ಅದೇ ವರ್ಷದ ಆಗಸ್ಟ್ ತಿಂಗಳಲ್ಲಿ ಉತ್ಪಾದನೆ ಭಾಗಶಃ ಮತ್ತೆ ಆರಂಭವಾಯಿತು. ಧರಣಿಯೊಂದರಿಂದಲೇ ಹಾಗಾಯಿತೆಂದು ಹೇಳಿದರೆ ಅದು ಉತ್ಪ್ರೇಕ್ಷೆ. ರಾಜಕಾರಣದ ಒತ್ತಡ, ಸರ್ಕಾರಗಳ ಲೆಕ್ಕಾಚಾರ ಎಲ್ಲವೂ ಅದರಲ್ಲಿದ್ದವು. ಆದರೆ ಗೇಟಿನ ಮುಂದೆ ಯಾರೂ ಕುಳಿತಿರದಿದ್ದರೆ ಆ ಒತ್ತಡ ಎಲ್ಲಿಂದ ಹುಟ್ಟುತ್ತಿತ್ತು? ಬಿಸಿಲಿನಲ್ಲಿ ತಿಂಗಳುಗಟ್ಟಲೆ ಕೂರುವುದಕ್ಕೆ ಆವೇಶ ಸಾಲದು. ಆವೇಶದ ಆಯುಸ್ಸು ಒಂದು ಸಂಜೆ.

ಇಲ್ಲಿಯವರೆಗೆ ನಾವು ಹೇಳಿದುದೆಲ್ಲ ನ್ಯಾಯದ ಪಕ್ಷದ ಗುಂಪುಗಳನ್ನು ಕುರಿತು. ‘ಹಾಗಾದರೆ ಚಂದ್ರಗುತ್ತಿಗೆ ಏನೆನ್ನುತ್ತೀರಿ?’ ಎಂದು ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಸೊರಬ ತಾಲ್ಲೂಕಿನ ಚಂದ್ರಗುತ್ತಿಯ ರೇಣುಕಾಂಬೆಯ ಜಾತ್ರೆಯಲ್ಲಿ ವರದಾ ನದಿಯಲ್ಲಿ ಮಿಂದು ಬೆತ್ತಲೆಯಾಗಿ ಬೆಟ್ಟದ ಗುಡಿಗೆ ನಡೆಯುವ ಹರಕೆಯಿತ್ತು. 1986ರ ಮಾರ್ಚ್ ತಿಂಗಳಲ್ಲಿ ಅದನ್ನು ತಡೆಯಲು ದಲಿತ ಸಂಘರ್ಷ ಸಮಿತಿಯವರೂ ಇತರರೂ ಹೋದರು. ಭಕ್ತರು ಅವರ ಮೇಲೆರಗಿದರು. ಪೊಲೀಸರನ್ನು, ಮಹಿಳಾ ಪೊಲೀಸರನ್ನು ಸಹ, ಹಿಡಿದು ಬಟ್ಟೆ ಕಿತ್ತು ಮೆರವಣಿಗೆ ಮಾಡಿದರು. ನಾಡೆಲ್ಲ ತಲೆ ತಗ್ಗಿಸಿತು. ಸರ್ಕಾರ ಬೆತ್ತಲೆ ಸೇವೆಯನ್ನು ನಿಷೇಧಿಸಿತು.

ಇದಾದರೂ ಮರುಳಲ್ಲವೇ? ಅಲ್ಲ ಎಂಬುದೇ ನಮ್ಮ ಉತ್ತರ. ಆ ಗುಂಪು ಕಂಡಕಂಡದ್ದನ್ನೆಲ್ಲ ನಾಶ ಮಾಡಲಿಲ್ಲ. ಬೆತ್ತಲೆಯನ್ನು ತಡೆಯಬಂದವರನ್ನೇ ಆರಿಸಿ ಬೆತ್ತಲೆ ಮಾಡಿತು. ಅದು ಶಿಕ್ಷೆ. ಭೀಕರವಾದ, ನೀಚವಾದ ಶಿಕ್ಷೆ, ಆದರೆ ಅದಕ್ಕೊಂದು ನಿಯಮವಿತ್ತು. ಹರಕೆ ಮುರಿದರೆ ತಾಯಿಯ ಕೋಪ ತಮ್ಮ ಮಕ್ಕಳ ಮೇಲೆ ಬೀಳುವುದೆಂದು ನಂಬಿದವರಿಗೆ, ತಡೆಯಬಂದವರು ಮಕ್ಕಳ ಪ್ರಾಣಕ್ಕೆ ಬಂದವರಂತೆ ಕಂಡರು. ಟರ್ನರ್ ಮತ್ತು ಕಿಲಿಯನ್ ಎಂಬ ವಿದ್ವಾಂಸರು 1957ರಲ್ಲಿಯೇ ಹೇಳಿದ್ದರು: ಗುಂಪಿನಲ್ಲಿ ನಿಯಮ ಇಲ್ಲವಾಗುವುದಿಲ್ಲ, ಆ ಕ್ಷಣಕ್ಕೊಂದು ಹೊಸ ನಿಯಮ ಮೂಡುತ್ತದೆ, ಜನ ಅದನ್ನು ಪಾಲಿಸುತ್ತಾರೆ. ನಿಯಮವನ್ನು ಅರಿತರೆ ಬದಲಿಸಲು ಯತ್ನಿಸಬಹುದು. ಮರುಳೆಂದರೆ ಲಾಠಿಯೊಂದೇ ಮದ್ದು. ಜಾತ್ರೆಯ ದಿನವೇ ನದಿಯ ದಂಡೆಯಲ್ಲಿ ನಿಂತು, ಹರಕೆ ಹೊತ್ತು ನೂರಾರು ಮೈಲಿ ಬಂದವರಿಗೆ ಬುದ್ಧಿ ಹೇಳಹೊರಟುದು ಸರಿಯಾದ ಉದ್ದೇಶದ ತಪ್ಪು ಮುಹೂರ್ತವೆಂದು ನಮಗೆ ಅನಿಸುತ್ತದೆ.

ಈಗ ಕಲ್ಯಾಣಕ್ಕೆ ಬರೋಣ. ಹನ್ನೆರಡನೆಯ ಶತಮಾನದ ಆ ಸಮುದಾಯವನ್ನು ನೆನೆದು ನಾವು ರೋಮಾಂಚನಗೊಳ್ಳುತ್ತೇವೆ. ಅಂದಿನ ಸಂಭಾವಿತರ ಕಣ್ಣಿಗೆ ಅದೂ ಒಂದು ಜಾತ್ರೆಯೇ. ಅಂಬಿಗ, ಮಡಿವಾಳ, ಕಟ್ಟಿಗೆ ಮಾರುವವನು, ಅಕ್ಕಿ ಆಯುವವಳು, ಸೂಳೆಯಾಗಿದ್ದವಳು ಎಲ್ಲರೂ ಬಿಜ್ಜಳನ ಮಂತ್ರಿಯ ಮಹಾಮನೆಯಲ್ಲಿ ಸೇರಿ ತತ್ವ ಮಾತನಾಡುವುದೆಂದರೆ! ಆದರೆ ಆ ಗುಂಪಿನಲ್ಲಿ ಸೇರಿದವರ ಸ್ವಂತ ಬುದ್ಧಿ ಕರಗಿತೇ? ಪ್ರತಿ ವಚನದ ಕೊನೆಯಲ್ಲಿರುವ ಅಂಕಿತವನ್ನು ನೋಡಿ. ಮಡಿವಾಳ ಮಾಚಯ್ಯನದು ಕಲಿದೇವರದೇವ. ಅಕ್ಕನದು ಚೆನ್ನಮಲ್ಲಿಕಾರ್ಜುನ. ಸೂಳೆ ಸಂಕವ್ವೆಯದು ನಿರ್ಲಜ್ಜೇಶ್ವರ. ಅಂಬಿಗರ ಚೌಡಯ್ಯನಂತೂ ದೇವರ ಹೆಸರಿನ ಗೊಡವೆಗೇ ಹೋಗದೆ ತನ್ನ ಹೆಸರನ್ನೇ ಅಂಕಿತವಾಗಿ ಇಟ್ಟುಕೊಂಡನು. ಆಡಿದ ಮಾತಿಗೆ ಆಡಿದವನೇ ಜವಾಬ್ದಾರನೆಂದು ರುಜು ಹಾಕಿದ ಜನಸಮೂಹ ಅದು. ಲ ಬಾನನ ಸಿದ್ಧಾಂತವನ್ನು ಸುಳ್ಳಾಗಿಸಲು ಇದಕ್ಕಿಂತ ಹೆಚ್ಚಿನ ಸಾಕ್ಷ್ಯ ನಮಗೆ ಬೇಕಿಲ್ಲ.

ಒಳಗಿನವರೇ ಒಳಗಿನವರನ್ನು ತಡೆಯುವ ಕ್ರಮವೂ ಅಲ್ಲಿತ್ತು. ಆಯ್ದಕ್ಕಿ ಮಾರಯ್ಯನು ಒಂದು ದಿನ ಬೇಕಾದುದಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಹೆಂಡತಿ ಲಕ್ಕಮ್ಮನು ಅದನ್ನು ಮರಳಿ ಅಲ್ಲಿಯೇ ಸುರಿದು ಬರುವಂತೆ ಹೇಳಿದ ಪ್ರಸಂಗವನ್ನು ನೀವೆಲ್ಲ ಬಲ್ಲಿರಿ. ಅದನ್ನು ಅತಿಯಾಸೆಯ ಮೇಲಿನ ಪಾಠವೆಂದು ಮಾತ್ರ ಹೇಳುವುದು ವಾಡಿಕೆ. ನಮ್ಮ ದೃಷ್ಟಿಯಲ್ಲಿ ಅದು ಚಳವಳಿಯ ಲಕ್ಷಣವೂ ಹೌದು. ತನ್ನ ಪಕ್ಷದವನಿಗೇ ‘ಇದು ಸಲ್ಲದು’ ಎಂದು ಹೇಳುವ ಬಾಯಿಯೂ ಅದನ್ನು ಕೇಳುವ ಕಿವಿಯೂ ಇರುವವರೆಗೆ ಗುಂಪು ದೊಂಬಿಯಾಗದು.

ಅದೇ ಬಸವಕಲ್ಯಾಣವಿರುವ ಬೀದರ್ ಜಿಲ್ಲೆಯ ಮುರ್ಕಿ ಗ್ರಾಮದಲ್ಲಿ 2018ರ ಜುಲೈ ತಿಂಗಳಲ್ಲಿ ನಡೆದುದನ್ನು ಹೇಳಲು ನಾಚಿಕೆಯಾಗುತ್ತದೆ. ಹೈದರಾಬಾದಿನಿಂದ ಬಂದಿದ್ದ ಕೆಲವರು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಮಕ್ಕಳ ಕಳ್ಳರು ಬಂದಿದ್ದಾರೆಂಬ ಸುದ್ದಿ ವಾಟ್ಸಾಪಿನಲ್ಲಿ ಹಬ್ಬಿತು. ಅವರ ಕಾರು ಮುರ್ಕಿಯನ್ನು ತಲುಪುವಷ್ಟರಲ್ಲಿ ಜನ ಕಾದಿದ್ದರು. ಒಬ್ಬ ಯುವ ಇಂಜಿನಿಯರ್ ಪ್ರಾಣ ಬಿಟ್ಟನು. ತಡೆಯಹೋದ ಪೊಲೀಸರಿಗೂ ಪೆಟ್ಟು ಬಿದ್ದಿತು.

ಆಗಲೂ ನಮ್ಮವರು ಅಂದುದು ಅದನ್ನೇ: ಜನ ಮರುಳಾದರು. ಇಲ್ಲ, ಬಂಧುಗಳೇ. ಸುದ್ದಿಯನ್ನು ಓದಿದವನು ಒಬ್ಬ. ವಿಚಾರಿಸದೆ ಮುಂದಿನವರಿಗೆ ಕಳುಹಿಸಿದವನು ಒಬ್ಬ. ಕಾರು ಎಲ್ಲಿಗೆ ಬಂದಿತೆಂದು ತಿಳಿಸಿದವನು ಒಬ್ಬ. ದಾರಿ ಕಟ್ಟಿದವರು ಕೆಲವರು, ಹೊಡೆದವರು ಕೆಲವರು, ಹೊಡೆಯುವುದನ್ನು ಫೋನಿನಲ್ಲಿ ಚಿತ್ರ ತೆಗೆದವರು ಮತ್ತೆ ಕೆಲವರು. ಪ್ರತಿಯೊಬ್ಬನೂ ತನ್ನ ಕೈಯಿಂದ, ತನ್ನ ಬೆರಳಿನಿಂದ ಒಂದೊಂದು ಕೆಲಸವನ್ನು ಬುದ್ಧಿಪೂರ್ವಕವಾಗಿ ಮಾಡಿದನು. ಅವರಲ್ಲಿ ಯಾರೊಬ್ಬರೂ ತಾವು ಹರಡಿದ ಮಾತಿನ ಕೆಳಗೆ ಅಂಕಿತ ಹಾಕಲು ಸಿದ್ಧರಿರಲಿಲ್ಲ, ಅಷ್ಟೇ. ಕಾಗೋಡಿನ ಗದ್ದೆಗಿಳಿದವನು ಪೊಲೀಸರಿಗೆ ತನ್ನ ಹೆಸರನ್ನು ಹೇಳಿ ಜೈಲಿಗೆ ಹೋದನು. ಈಸೂರಿನ ಐವರ ಹೆಸರುಗಳನ್ನು ನಾವಿಂದಿಗೂ ಹೇಳುತ್ತೇವೆ. ಗೇಟಿನ ಮುಂದೆ ಕುಳಿತ ಗುತ್ತಿಗೆ ಕಾರ್ಮಿಕನ ಮುಖವನ್ನು ನ್ಯೂ ಟೌನಿನಲ್ಲಿ ಹಾದುಹೋದ ಯಾರಾದರೂ ನೋಡಬಹುದಿತ್ತು.

ನಮ್ಮ ಭಕ್ತರ ಎಷ್ಟು ವಾಟ್ಸಾಪ್ ಗುಂಪುಗಳಲ್ಲಿ, ಬಸವಣ್ಣನವರ ಚಿತ್ರದ ಕೆಳಗೆ, ಯಾರು ಬರೆದರೆಂದು ತಿಳಿಯದ, ಯಾವುದೋ ಜಾತಿಯವರ ಮೇಲೋ ಮತದವರ ಮೇಲೋ ಕಿಡಿಕಾರುವ ಸಂದೇಶಗಳು ದಿನ ಬೆಳಗಾದರೆ ಬಂದು ಬೀಳುತ್ತವೆ! ಅವುಗಳನ್ನು ಮುಂದಕ್ಕೆ ಕಳುಹಿಸುವವರೇ ಧರಣಿ ಕುಳಿತವರನ್ನು ಮರುಳರೆನ್ನುತ್ತಾರೆ.